ಮೂರೇ ಕಾಲು

ಪುಂಟಾ ಅರೀನಾಸಿನ ಗಾಳಿಗೆ
ಬೀದಿಯಲ್ಲಿ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲೆಂದು.
ಅಂಥ ಊರಲ್ಲಿ ನನ್ನದು ಕ್ಯಾಮೆರಾ ಅಂಗಡಿ.
ಬಾಗಿಲು ತೆರೆದರೆ ಗಿರಾಕಿಗಿಂತ ಮುಂಚೆ
ಧೂಳು ಒಳಬಂದು ಬೆಲೆ ಕೇಳುತ್ತದೆ.

ಬಂದವಳು ನೊಲ್ಫಾ ಬಾರಿಯಾ.
ಉಣ್ಣೆಯ ಟೋಪಿ, ಒಡೆದ ತುಟಿ, ಬೂಟಿನಲ್ಲಿ ಒಣಗಿದ ಕೆಸರು.
'ಟ್ರೈಪಾಡ್ ಬೇಕು' ಎಂದಳು,
ಉಪ್ಪು ಬೇಕು ಅನ್ನುವಷ್ಟೇ ಸಲೀಸಾಗಿ.

ಶುರುಮಾಡಿದೆ ನಾನು, ಮೂವತ್ತು ವರ್ಷದ ಕಂಠಪಾಠ:
ಕಾರ್ಬನ್ ಬೆನ್ನಿಗೆ ಹಿತ, ಜೇಬಿಗಲ್ಲ.
ಅಲ್ಯುಮಿನಿಯಂ ಚಳಿಯಲ್ಲಿ ಬೆರಳು ಕಚ್ಚುತ್ತದೆ,
ಕಾಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊ.
ನಡುಗಂಬ ಎತ್ತಬೇಡ. ಎತ್ತಿದೆಯೋ,
ಮೂರು ಕಾಲಿನ ದುಡಿಮೆ ಒಂಟಿಕಾಲಿನ ಪಾಲು.
ಕೊಕ್ಕೆಗೆ ಕಲ್ಲಿನ ಚೀಲ ಕಟ್ಟು, ನೆಲಕ್ಕೆ ತುಸು ತಾಗುವಂತೆ,
ಇಲ್ಲವಾದರೆ ಗಾಳಿ ಅದನ್ನೇ ತೊಟ್ಟಿಲು ತೂಗುತ್ತದೆ.
ನಾಲ್ಕು ಕಾಲಿನ ಮೇಜು ನೋಡು,
ಎಲ್ಲಿಟ್ಟರೂ ಒಂದು ಕಾಲಿನದು ತಕರಾರು.
ಒಲೆಗುಂಡು ಯಾಕೆ ಮೂರು ಅಂದುಕೊಂಡೆ?

ತಲೆಯನ್ನು ಬೇರೆಯೇ ಕೊಳ್ಳಬೇಕು ಎಂದೆ.
ಮೊದಲ ಸಲ ನಕ್ಕಳು:
'ನನ್ನಲ್ಲೊಂದಿದೆ. ಅದೂ ಅಲ್ಲಾಡುತ್ತದೆ.'

ಬಾಲ್ ಹೆಡ್ ತೋರಿಸಿದೆ,
ಒಂದು ತಿರುಪು ಸಡಿಲಿಸಿದರೆ ಸಾಕು
ಮದುವೆಮನೆಯ ಹುಡುಗರ ಕತ್ತಿನಂತೆ ಎತ್ತಲೂ ಹೊರಳುವಂಥದು.
ಮುಟ್ಟಲೂ ಇಲ್ಲ ಅವಳು.
ಜೇಬಿನಿಂದ ಉಣ್ಣೆದಾರ ತೆಗೆದಳು,
ತುದಿಗೆ ತುದಿ ಕಟ್ಟಿದ್ದು, ಮೂರು ಗಂಟಿನದು,
ಮಂಡಿಯೂರಿ ನನ್ನ ನೆಲದ ಮೇಲೆ ತ್ರಿಕೋನ ಹಾಸಿದಳು.

'ಬಂಡೆಯಲ್ಲಿ ಮೂರು ಕುಳಿ ಕೊರೆದಿದ್ದೇನೆ,
ಹತ್ತೊಂಬತ್ತು ವರ್ಷದ ಕೆಳಗೆ, ಉಳಿ ಸುತ್ತಿಗೆಯಲ್ಲಿ.
ಪ್ರತಿ ಮಾರ್ಚಿಗೆ ಅವೇ ಕುಳಿ, ಅದೇ ಎತ್ತರ, ಅದೇ ದಿಕ್ಕು,
ಹಿಮನದಿಯದೊಂದು ಫೋಟೋ.
ಹಳೆಯದನ್ನು ಗಾಳಿ ನೀರಿಗೆ ಹಾಕಿತು.
ಈ ಗಂಟುಗಳ ಮೇಲೆ ನಿಲ್ಲುವಂಥದು ಕೊಡು.'

ಕಂಠಪಾಠ ಬಾಯಲ್ಲೇ ಆರಿತು.
ಅಟ್ಟದಿಂದ ಒಂದೊಂದೇ ಇಳಿಸಿದೆವು.
ಕಾರ್ಬನ್ನಿನ ಚೆಲುವೆ ಗೇಣು ಹೆಚ್ಚೇ ಹರಡಿದಳು.
ಇನ್ನೊಂದು ಕುಳ್ಳ. ಮತ್ತೊಂದಕ್ಕೆ ಎರಡು ಗಂಟು ಸಿಕ್ಕವು,
ಮೂರನೆಯದಕ್ಕೆ ಕಾಲು ನೀಡಿ ನೀಡಿ ಸೋತಿತು.
ಕೊನೆಗೆ ನಿಂತದ್ದು
ಕಿಟಕಿಯ ಬಳಿ ನಾನು ಕೋಟು ತೂಗುಹಾಕುವ
ಅಪ್ಪನ ಕಾಲದ ಮುದಿ ಅಲ್ಯುಮಿನಿಯಂ.
ಅದರ ತಲೆಗೆ ಎರಡು ಉದ್ದ ಹಿಡಿ, ಬುಡದಲ್ಲಿ ಕೆತ್ತಿದ ಡಿಗ್ರಿ.
ಇನ್ನೂರ ಹನ್ನೆರಡಕ್ಕೆ ತಿರುಗಿಸಿ ಬಿಗಿದು
ಹಿಡಿಯ ಮೇಲೆ ತನ್ನ ಭಾರ ಬಿಟ್ಟು ನೋಡಿದಳು.
ಜಾರಲಿಲ್ಲ.

ಫೋಟೋ ಇದೆಯೇ ಎಂದೆ.
ಮೊದಲದರಲ್ಲಿ ಅಂಚಿನಿಂದ ಅಂಚಿಗೆ ಹಿಮ,
ಆಕಾಶಕ್ಕೂ ಜಾಗವಿಲ್ಲದ ನೀಲಿ.
ಆಮೇಲೆ ಆಕಾಶ. ಆಮೇಲೆ ಬರಿಮೈ ಬಂಡೆ.
ಈಚಿನ ನಾಲ್ಕರಲ್ಲಿ ನೀರು ಮಾತ್ರ.
'ತುಸು ಎಡಕ್ಕೆ ತಿರುಗಿಸಿದರೆ ಈಗಲೂ ಸಿಗುತ್ತದಲ್ಲ?'
'ಸಿಗುತ್ತದೆ' ಎಂದಳು
ದಾರ ಸುತ್ತುತ್ತ.

ಹಿಡಿದ ಮೊಲಕ್ಕೆ ಮೂರೇ ಕಾಲು,
ಹಟಮಾರಿಗಳನ್ನು ಆಡಿಕೊಳ್ಳುವ ಮಾತು.
ಇಲ್ಲಿನ ಬಯಲಲ್ಲಿ ಮೊಲಕ್ಕೇನು ಬರ?
ಎಲ್ಲ ನಾಲ್ಕು ಕಾಲಿನವು, ಎಲ್ಲ ಓಡುವಂಥವು.
ಕಿಟಕಿಯಿಂದ ನೋಡಿದೆ:
ಮೂರು ಕಾಲಿನದನ್ನು ಕಂಕುಳಲ್ಲಿ ಅವುಚಿ
ಇನ್ನೊಂದು ಕೈಯಲ್ಲಿ ಬೀದಿಯ ಹಗ್ಗ ಹಿಡಿದು
ಗಾಳಿಗೆ ಓರೆಯಾಗಿ ಹೋಗುತ್ತಿದ್ದಳು.

ನನ್ನ ಕೋಟು ಈಗ ಕುರ್ಚಿಯ ಮೇಲೆ.
ನಾಲ್ಕು ಕಾಲು, ಆದರೂ
ಯಾರಾದರೂ ಬಾಗಿಲು ತೆರೆದಾಗಲೆಲ್ಲ
ಕಟಕ್ ಎನ್ನುತ್ತದೆ.