ಮ್ಯಾಲಿನ ಸಣ್ಣ ಬಾಯಿ

ಕೆಲಸ ಬಿಟ್ಟಾಗ ಬಂದ ಫಂಡಿನ ರೊಕ್ಕದಾಗ
ನಿನಗ ಎರಡು ತೊಲಿ ಅಂತ ಹೇಳಿ ಹೋಗಿದ್ದೆ.
ರಿಕ್ಷಾದಾಗ ಇಟಗೊಂಡು ತಂದದ್ದು
ಎರಡು ಪೆಟಗಿ.
ಸುಗಲಾಬಾಯಿ ಮೂರು ದಿನ ಮಾತಾಡಲಿಲ್ಲ.
ನಾಕನೇ ದಿನ ಅವುಗಳ ಧೂಳ ತಾನೇ ಒರಸಿದಳು.

ಸಾಗವಾನಿ ಹೊಟ್ಟಿ. ಕೆಳಗ ತಾಟಿನಷ್ಟು ದೊಡ್ಡ ಬಾಯಿ,
ಮ್ಯಾಲ ಒಂದು ಸಣ್ಣದು, ರೂಪಾಯಿ ಬಿಲ್ಲಿಯಷ್ಟು.
ಅಂಗಡ್ಯಾಂವ ಮರಾಠಿಯೊಳಗ ಆಣಿ ಮಾಡಿದ್ದ:
ಗೆಜ್ಜಿ, ತಾಳ, ತಂಬೂರಿ ಎಳಿ,
ಸಣ್ಣಂದೆಲ್ಲಾ ಈ ಬಾಯಾಗ ಬರ್ತದ, ಕಾಕಾ.

ಮೂವತ್ತೊಂದು ವರ್ಷ ಅಕ್ಕಲಕೋಟ ರೋಡಿನ ಶೆಡ್ಡಿನಾಗ
ಎಂಟು ಮಗ್ಗದ ನಡುವ ನಿಂತು ಚಾದರ ನೇಯ್ದವ ನಾನು.
ಅಲ್ಲಿ ಮಾತಂದ್ರ ತುಟಿ ಓದೂದು.
ಬೆರಳೆತ್ತಿದರ ಚಹಾ,
ಮುಷ್ಟಿ ಹಿಡದರ ಮಾಲಕ ಬಂದ.
ನೂಲು ಹರದದ್ದು ಕಿವಿಗಲ್ಲ,
ಅಂಗಾಲಿಗಿ ತಿಳೀತಿತ್ತು.

ಬಾಜೂಮನಿ ಸೈಪನ್ ಡಿಸ್ಕಿನಾಗ ತುಂಬಿ ಕೊಟ್ಟ
ಎರಡು ಸಾವಿರದ ನಾನೂರು ಹಾಡು.
ಭಜನಿ, ಡಪ್ಪಿನ ಪದ, ನಾಟಕದ ಪೇಟಿ,
ಎಷ್ಟೋ ಹೆಸರಿಲ್ಲದವು, ಬರೀ ನಂಬರಿನವು.
ಊಟಾದ ಮ್ಯಾಲ ಪೆಟಗಿಗಿ ಬೆನ್ನ ಹಚ್ಚಿ ಕೂಡತಿದ್ದೆ,
ಡಗ್ಗಾದ ಏಟು ಬೆನ್ನ ಏರಿ ಬರತಿತ್ತು.
ಆಹಾ, ತಂಬೂರಿ ನೋಡ, ಅಂತಿದ್ದೆ.
ಆಕಿ ಹೂಂ ಅಂತಿದ್ದಳು.

ನಿನ್ನಿ ಸೈಪನ್ ಬಂದಾಂವ ಅರ್ಧ ಹಾಡು ಕೇಳಿದ.
ತಲಿ ಓರಿ ಮಾಡಿದ. ಪೆಟಗಿ ಹಿಂದ ಕೈಯಾಡಿಸಿದ.
ಕಾಕಾ, ಮ್ಯಾಲಿನವು ಎರಡೂ ಮೂಕ ಕುಂತಾವ.
ಇಲ್ಲೊಂದು ಹಿತ್ತಾಳಿ ಪಟ್ಟಿ ಇರಬೇಕಿತ್ತು, ಕೂಡಿಸೇ ಇಲ್ಲ.

ಪಟ್ಟಿ ಆಕಿ ಸೂಜಿ ಡಬ್ಬಿಯಾಗ ಇದ್ದುವು,
ಪೊಟ್ಣಾ ಒಡದಿರಲಿಲ್ಲ.
ಏಳು ತಿಂಗಳ!
ನಾ ಆಕಿ ಮುಖಾ ನೋಡಿದೆ, ಆಕಿ ಗ್ವಾಡಿ ನೋಡಿದಳು.
ನೀವು ತಂಬೂರಿ ತಂಬೂರಿ ಅಂದ್ರಿ,
ನನ್ನ ಕಿವೀನೇ ಹೋದುವು ಅಂದಕೊಂಡೆ,
ಅದಕ್ಕ ಹೂಂ ಅಂದೆ.

ಸೈಪನ್ ಸ್ಕ್ರೂ ಬಿಗಿ ಮಾಡಿದ. ಅದೇ ಹಾಡು ಮತ್ತ ಹಚ್ಚಿದ.
ನನಗ ಅದೇ ಡಗ್ಗಾ, ಅದೇ ಬೆನ್ನು.
ಆಕಿ ಮಾತ್ರ ಮರಾ ಕೆಳಗಿಟ್ಟಳು.
ಅಕ್ಕಿ ನುಚ್ಚು ಹತ್ತಿದ ಬೆರಳು
ಮೊಣಕಾಲ ಮ್ಯಾಲ ಸಣ್ಣಗ ಏಳತಿತ್ತು, ಬೀಳತಿತ್ತು.
ಅಲ್ಲೇ ನೋಡಿದೆ ನಾನು ಗೆಜ್ಜಿ.

ಆಮ್ಯಾಲ ಏನೋ ಅಂದಳು. ದನಿ ಮುಟ್ಟಲಿಲ್ಲ,
ತುಟಿ ಓದಿದೆ:
ಸಣ್ಣ ಮಾಡ್ರಿ ಸ್ವಲ್ಪ,
ಸೈಪನ್ನನ ಅವ್ವ ಮಲಗ್ಯಾಳ.