ಪಾಲು

ಗ್ರಿಮ್ಸ್‌ಬಿಯಲ್ಲಿ ನನ್ನ ಮನೆ ಮಾಲೀಕ ಎರ್ನೆಸ್ಟ್ ಬ್ಲಾಂಚರ್ಡ್
ದಿನಾ ಸಂಜೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಪೆನ್ಸಿಲಿನಿಂದ ಒಂದು ಅಂಕಿ ಬರೆಯುತ್ತಾನೆ.
ಮೊನ್ನೆ ಅರವತ್ತೆರಡು. ನಿನ್ನೆ ನಲವತ್ತು.
ದೇಶದ ಕರೆಂಟಿನಲ್ಲಿ ಗಾಳಿ ಬಿಸಿಲುಗಳ ಪಾಲು
ನೂರಕ್ಕೆ ಇಷ್ಟು, ಅಂತ.

ಮೂವತ್ತೊಂದು ವರ್ಷ ಇಮ್ಮಿಂಗ್‌ಹ್ಯಾಮ್ ಬಂದರಿನಲ್ಲಿ
ಹಡಗಿನಿಂದ ಕಲ್ಲಿದ್ದಲು ಇಳಿಸಿದವನು.
ಕಿವಿಯ ಸುರುಳಿಯೊಳಗೆ ಇನ್ನೂ ಒಂದು ಕರಿ ಗೆರೆ,
ಸೋಪಿಗೆ ಸಿಗದ್ದು.
ಮೊಮ್ಮಗಳು ಟ್ಯಾಮ್ಸಿನ್ ಕಡಲೊಳಗಿನ ಗಾಳಿಗಿರಣಿ ಹತ್ತುತ್ತಾಳೆ,
ಹದಿನೈದು ದಿನ ಹಡಗು, ಹದಿನೈದು ದಿನ ಮನೆ.
ಅಂಕಿ ಏರಿದ ದಿನ ಈತ
ಅಷ್ಟೂ ರೆಕ್ಕೆ ಅವಳೊಬ್ಬಳೇ ತಿರುಗಿಸಿದ್ದೆಂಬಂತೆ
ಕೆಟಲಿನ ಗುಂಡಿ ಒತ್ತುತ್ತಾನೆ.

ಒಮ್ಮೆ ತಲೆಹರಟೆಗೆ ಕೇಳಿದೆ:
ಈ ಲೋಟದಲ್ಲಿ ಗಾಳಿಯದೆಷ್ಟು, ಗ್ಯಾಸಿನದೆಷ್ಟು?
ಮೇಲಿನ ಅರ್ಧ ಅವಳದೋ, ಕೆಳಗಿನದೋ?
ಹಾಲು ನೀರು ಬೇರ್ಪಡಿಸುವ ಹಂಸ
ಈ ಊರ ತಂತಿಯ ಮೇಲೆ ಕೂರುವುದಿಲ್ಲ.
ಕೂರುವುದು ಕಡಲಕಾಗೆ,
ಅದಕ್ಕೆ ಬೇಕಾದ್ದು ಯಾರದೋ ಕೈಯ ಚಿಪ್ಸು.

"ಕುಡಿ, ಆರುತ್ತೆ" ಅಂದ.

ಜನವರಿಯ ಮೂರನೇ ವಾರ ಗಾಳಿ ಬಿತ್ತು.
ಹಂಬರ್ ನದಿಯ ಮೇಲೆ ಸೀಸದ ಬಣ್ಣದ ಮೋಡ, ಕದಲದೆ ಮೂರು ದಿನ.
ಹಿತ್ತಲ ಹಗ್ಗದಲ್ಲಿ ಅವನ ಅಂಗಿ
ತೋಳು ಇಳಿಬಿಟ್ಟುಕೊಂಡು ಸುಮ್ಮನಿತ್ತು.
ಬೆಳಗ್ಗೆ ಒಂಬತ್ತು. ಸಂಜೆ ಆರು.
ಪೆನ್ಸಿಲಿನ ಮೊನೆ ಚೂಪು ಮಾಡಿದ, ಮತ್ತೂ ಮಾಡಿದ,
ಕೊನೆಗೆ ಬರೆದ: ಆರು.
ದೀಪವೇನೋ ಉರಿಯುತ್ತಲೇ ಇತ್ತು. ಅದು ಅವನಿಗೆ
ಸಮಾಧಾನವೋ ಅವಮಾನವೋ ತಿಳಿಯಲಿಲ್ಲ.
"ನಮ್ಮ ಹಡಗು ಗಾಳಿಯ ಅಪ್ಪಣೆ ಕೇಳಿ ಬರ್ತಿರಲಿಲ್ಲ"
ಎಂದವನು, ಯಾಕೋ, ಕಿವಿ ಮುಟ್ಟಿಕೊಂಡ.

ರಾತ್ರಿ ಟ್ಯಾಮ್ಸಿನ್ ಫೋನು:
ಇಂಥ ದಿನವೇ ಅಲ್ಲವಾ ತಾತ ನಮಗೆ ಮೈತುಂಬ ಕೆಲಸ,
ರೆಕ್ಕೆ ನಿಂತರೆ ತಾನೇ ಹತ್ತೋದು, ಬೋಲ್ಟು ಬಿಗಿಯೋದು.
ಇವತ್ತೊಂದೇ ದಿನ ಎರಡು ಮುಗಿಸಿದೆ,
ಭುಜ ಬಿದ್ದೇ ಹೋಗಿದೆ.

ಅವನು ಬಹಳ ಹೊತ್ತು ಕ್ಯಾಲೆಂಡರ್ ನೋಡಿದ.
ಪಾಲಿಗೆ ಬಂದದ್ದು ಪಂಚಾಮೃತ
ಅಂತ ನಮ್ಮಲ್ಲೊಂದು ಮಾತಿದೆ, ಹೇಳಬೇಕೆಂದುಕೊಂಡೆ,
ಇಂಗ್ಲಿಷಿಗೆ ಅದು ಬಗ್ಗಲಿಲ್ಲ.
ಆರರ ಪಕ್ಕ, ಚೌಕದ ಮೂಲೆಗೆ ಒತ್ತರಿಸಿ,
ಸಣ್ಣದಾಗಿ ಬರೆದ: ಎರಡು.
ಕೂಡಲಿಲ್ಲ.