ಈ ಸಲ ಏನೈತಿ?

ಬೆಳಗಾವಿ ಡಿಪೋದಿಂದ ಬಂದ ಪೆಟ್ಟಿಗಿ
ಬಾಗಲಾ ಬದೀಗೆ ನಾಲ್ಕು ದಿನದಿಂದ ಕುಂತೈತಿ.
ಒಳಗ ಹೊಸಾ ಮಾಡೆಲ್ಲು ಹನ್ನೆರಡು, ಡೆಮೋ ಒಂದು,
ಊದದ ಬಲೂನು ನೂರು,
ಗಾಜಿಗೆ ಅಂಟಸ್ರಿ ಅಂತ ಒಂದು ಉದ್ದನ್ನ ಪಟ್ಟಿ:
'ಹಿಂದೆಂದೂ ಇಲ್ಲದ್ದು.'
ಪಟ್ಟಿ ಅಷ್ಟ ತಗದು ಮತ್ತ ಮುಚ್ಚಿದೆ.
ಹೋದ ವರ್ಷದ್ದು ಗಾಜಿನ ಮ್ಯಾಲೆ ಇನ್ನೂ ಇತ್ತು.
ಅದರ ಮ್ಯಾಲೇ ಇದನ್ನ ಹಚ್ಚಿದೆ,
ಅಕ್ಷರಕ್ಕ ಅಕ್ಷರ ಕೂತುಬಿಡ್ತು.

'ಒಂದು ಕಾಲ ಇತ್ತು' ಅನ್ನೂದು
ನಲವತ್ತೊಂದಕ್ಕ ಸ್ವಲ್ಪ ಲಗೂ ಆತೇನೋ.
ಆದ್ರೂ ಇತ್ತು.
ಕೊಪ್ಪೀಕರ ರೋಡಿನ್ಯಾಗ ಮುಂಜಾನೆ ಆರಕ್ಕ
ಶಟರ್ ಎತ್ತೂದರಾಗ ಇಪ್ಪತ್ತು ಮಂದಿ,
ಮಾರಿ ತೊಳೀದ ಬಂದವರು,
ಕಿಮ್ಸ್‌ನ ರಾತ್ರಿಪಾಳಿ ಮುಗಿಸಿ ಹಂಗ ಬಂದ ಒಬ್ಬ,
ಕ್ಯಾಮೆರಾ ಎರಡು ಅಂದಕೂಡ್ಲೆ
ಎರಡೂ ಕೈಲೆ ತಲಿ ಹಿಡಕೊಂಡವ.
ಸುತ್ತಿದ ನೋಟು ಕಿಸೇದಿಂದ ತಗದು ಎಣಸದ ಕೊಟ್ಟ.
ಡಬ್ಬಿ ಎತ್ತಿ ಹಿಡದ್ರ ಕೆಳಗಿನ ಅರ್ಧ
ತಾನಾಗಿ, ಮೆಲ್ಲಕ,
ಉಸರು ಬಿಟ್ಟಾಂಗ ಇಳೀತಿತ್ತು.
ಎಲ್ಲಾರೂ ಸುಮ್ಮನಾಗತಿದ್ರು ಆವಾಗ.
ನಾನೂ. ದಿನಾ ಡಬ್ಬಿ ತಗಿಯಾವ ನಾನೂ.

ಈಗ ಬರತಾರ, ಮುಟ್ಟತಾರ,
'ಈ ಸಲ ಏನೈತಿ?' ಅಂತಾರ,
ಖಾನಾವಳಿಯೊಳಗ ಪಲ್ಲೆ ಯಾವುದು ಅಂತ ಕೇಳಿದಾಂಗ.
ತುಸು ತೆಳ್ಳಗ ಐತ್ರಿ, ಅಂತೇನಿ.
(ಹೋದ ವರ್ಷ ತುಸು ದಪ್ಪ ಇತ್ತು.
ಕೈಯಾಗ ಗಟ್ಟಿ ಕುಂದರತೈತಿ ಅಂತ
ಅದನ್ನೂ ನಾನ ಹೊಗಳಿದ್ದೆ.)
ಬಣ್ಣ ಹೊಸಾದ್ರಿ, ಮರಳಿನ ಬಣ್ಣ.
ದೇಶಪಾಂಡೆ ನಗರದ ಹುಡುಗಿ
ಬೆರಳಿಲೆ ವರಸಿ ನೋಡಿದ್ಲು:
'ಧೂಳ ಕುಂತಾಂಗ ಐತಲ್ರೀ.'
ಹೌದಲ್ಲ.
ಹುಬ್ಬಳ್ಳಿಯೊಳಗ ಧೂಳಿಗೆ ಯಾರು ರೊಕ್ಕ ಕೊಡತಾರ.

ನಿನ್ನೆ ಸಂಜಿಮುಂದ ಕಮರಿಪೇಟೆಯ
ಸುನಂದಾಬಾಯಿ ಮೆಹರವಾಡೆ ಬಂದ್ರು.
ಕೊರಳಾಗ ಅಳತಿ ಟೇಪು,
ತಾವ ಹೊಲದ ಖಣದ ಚೀಲದಾಗ ಫೋನು,
ಆರು ವರ್ಷದ ಹಿಂದ ನಾನ ಕೊಟ್ಟದ್ದು.
ಗಾಜು ಮೂಲಿಗೆ ಸೀಳೈತಿ,
ಸೀಳಿನ್ಯಾಗ ಚಾಕಿನ ಪುಡಿ ಹೊಕ್ಕು
ಬಿಳೀ ಬೇರು ಬಿಟ್ಟಾಂಗ ಕಾಣತೈತಿ.

ಹೊಸಾದು ತೋರಿಸಿದೆ.
'ಇದು ಚಂದ್ರನ್ನ ನೂರು ಪಟ್ಟು ಹತ್ರ ತರತೈತ್ರಿ ಬಾಯಾರ.'
ಚಷ್ಮಾ ಏರಿಸಿಕೊಂಡ್ರು.
'ನನಗ ಸೂಜಿ ಕಣ್ಣು ಕಂಡ್ರ ಸಾಕಪ್ಪಾ.
ಚಂದ್ರ ಇದ್ದಲ್ಲೇ ಇರಲಿ.'
'ಗಿರಾಕಿಗೆ ಉತ್ತರಾ ತಾನ ಬರೀತೈತ್ರಿ.'
'ಬ್ಲೌಸು ಯಾವಾಗ ಅಂತ ಕೇಳಿದ್ರ
ನನ್ನಾಂಗ ನಾಳೆ ಅಂತೈತೇನು?
ಅಷ್ಟು ಸುಳ್ಳು ನನಗೂ ಬರತೈತಿ. ಬ್ಯಾಟರಿ ಹಾಕು.'

ಬೆನ್ನು ಬಿಚ್ಚಿದೆ.
ಬ್ಯಾಟರಿ ಬದೀಲೆ ಕೆಂಪು ನೂಲಿನ ಒಂದು ಎಳಿ
ಸುತ್ತಿಕೊಂಡು ಮಲಗಿತ್ತು,
ಎಲ್ಲಿಂದ ಹೊಕ್ಕಿತ್ತೋ,
ಕಂಪನಿಯ ಯಾವ ಪಟ್ಟಿಯೊಳಗೂ ಇಲ್ಲದ ಭಾಗ.
ಚಿಮಟಾಲೆ ತಗದೆ.
ಯಾಕೋ ಒಗೀಲಿಲ್ಲ, ಸ್ಕ್ರೂ ಡಬ್ಬಿಯೊಳಗ ಇಟ್ಟೆ.
ಎಂಟನೂರಾ ಐವತ್ತು ಅಂದೆ, ಎಂಟನೂರು ಕೊಟ್ರು.
ಹೋಗೂಮುಂದ ಹೊಸಾ ಫೋನಿನ ಡಬ್ಬಿ ನೋಡಿ,
'ಪುಟ್ಟಾ ಚಲೋ ಐತಿ, ಗುಂಡಿ ಹಾಕಿಡಾಕ ಬರತೈತಿ,
ಖಾಲಿ ಆದ್ರ ಇಡಪ್ಪಾ' ಅಂದ್ರು.

ರಾತ್ರಿ ಒಂಬತ್ತಕ್ಕ ಏರಿಯಾ ಮ್ಯಾನೇಜರ್ ಫೋನು.
ನನ್ನ ಫೋನಿನ ಸ್ಪೀಕರ್ ಗರಗರ ಅಂತೈತಿ,
ಎರಡು ವರ್ಷ ಆತು, ರಿಪೇರಿ ಮಾಡಾವ ನಾನ,
ಮಾಡಿಲ್ಲ.
'ಎಷ್ಟು ಹೋದವು?'
ಬಾಯಾಗ ಬಂದದ್ದು: 'ನಾಳೆ ಹೇಳತೇನ್ರಿ.'

ಅರ್ಧ ಶಟರ್ ಇಳಿಸಿ
ಪೆಟ್ಟಿಗಿಯೊಳಗಿಂದ ಡೆಮೋ ತಗದೆ.
ಡಬ್ಬಿ ಎತ್ತಿ ಹಿಡದೆ.
ಇಳೀತು. ಮೆಲ್ಲಕ. ಹಂಗ, ಮೊದಲಿನಾಂಗ.
ಹೊರಗ ಗಿರ್ಮಿಟ್ ಗಾಡಿಯವ ಉಳ್ಳಾಗಡ್ಡಿ ಹೆಚ್ಚೂದು
ನಿಲ್ಲಿಸಲಿಲ್ಲ.
ಮುಚ್ಚಿ ಇನ್ನೊಮ್ಮೆ ಎತ್ತಿದೆ.

ಕಸಬರಿಗಿ ಹಿಡಕೊಂಡು ನಿಂತಿದ್ದ ನಮ್ಮ ಜಿಲಾನಿ
'ಏನೈತ್ರಿ ಒಳಗ?' ಅಂದ.
ಫೋನು, ಅಂದೆ.
ಹಾಂ, ಅಂದ.
ನನ್ನ ಕಾಲು ಸರಿಸಿ ಕಸಾ ಹೊಡದ.